ಬಡಿದು ಕೇಳುವುದು

ಕೇಸ್ ಪೇಪರಿನಲ್ಲಿ ಮುಖ್ಯ ತಕರಾರು ಅಂತ ಒಂದು ಖಾನೆ ಇರುತ್ತದೆ.
ಹುಬ್ಬಳ್ಳಿ, ರಾತ್ರಿ ಎರಡೂವರೆ, ಕ್ಯಾಜುವಲ್ಟಿಯ ಹಳದಿ ಬೆಳಕು.
ಖಾನೆಯ ಮೇಲೆ ಪೆನ್ನಿಟ್ಟು ಕೇಳಿದೆ:
ಏನಾಗೇತಿ ಅಜ್ಜಾ?

ಏನೂ ಆಗಿಲ್ಲ, ಅಂದ
ದಾವಲಸಾಬ ಅಣ್ಣಿಗೇರಿ, ವಯಸ್ಸು ಎಂಬತ್ತೊಂದು.

‘ಅದs ನೋಡ್ರಿ ಆಗಿರೂದು,’ ಅಂದಳು ಇಮಾಂಬಿ.
‘ಐವತ್ತೆಂಟು ವರ್ಷ ಚಾ ಬಾಯಿಗಿಟ್ಟ ಕೂಡ್ಲೆ ಬೈದ ಮನಶ್ಯಾ,
ನಾಕು ದಿನಾ ಆತು, ಕೊಟ್ಟದ್ದು ಕುಡದು
ಕಪ್ಪು ಬೋರಲು ಹಾಕಿ ಸುಮ್ನ ಕೂಡತಾರ.’

ಇದನ್ನು ಯಾವ ಖಾನೆಯಲ್ಲಿ ಬರೆಯಲಿ?

ಜ್ವರ ಇಲ್ಲ. ವಾಂತಿ ಇಲ್ಲ.
ಹೊಟ್ಟೆ ಒತ್ತಿದರೆ ಹತ್ತಿಯ ದಿಂಬು.
ಬಿಳಿಯ ರಕ್ತಕಣ ಎಂಟು ಸಾವಿರ,
ಹಾಜರಿ ಕೂಗಿದ ಹುಡುಗನ ಹಾಗೆ ವಿಧೇಯ.
ನಾಡಿ ಎಪ್ಪತ್ತಾರು
(ಬೀಪಿ ಗುಳಿಗೆ ಅದನ್ನು ಓಡಗೊಡುವುದಿಲ್ಲ
ಅನ್ನುವುದು ನನಗೆ ಹೊಳೆದದ್ದು ಆಮೇಲೆ).

ಮಗಳು ಶಮಶಾದ ದನಿ ಇಳಿಸಿ ಹೇಳಿದಳು:
ರಾತ್ರಿಯೆಲ್ಲ ಎದ್ದು ಚಮಚದಿಂದ
ಮಂಚದ ಕಬ್ಬಿಣ ಬಡಿಯುತ್ತಾನೆ, ಕಿವಿ ಹಚ್ಚುತ್ತಾನೆ.
ಅರುಳುಮರುಳು ಅಂತಾರೆ ಓಣಿಯವರು.
ಮಾತು ಒಂದೇ: ‘ಎಡಗಾಲಿಗೆ ಏನೋ ಆಗೇತಿ.’
ಸ್ವಲ್ಪ ಕುಂಟುತ್ತಲೂ ಇದ್ದ.
ಸಂಜೆ ಎಲುಬಿನ ವಿಭಾಗದವರು ಎಡಗಾಲು ಹಿಡಿದು
ಸೊಂಟದ ತನಕ ಫೋಟೋ ತೆಗೆದು
ಛಲೋ ಐತಿ ಅಂದು ಕಳಿಸಿದ್ದರು.

ವಾರ್ಡ್‌ಬಾಯ್ ಸ್ಟ್ರೆಚರ್ ತಳ್ಳಿದ.
ಅಜ್ಜ ಕೈ ಇಳಿಬಿಟ್ಟು
ಬೆರಳಿನ ಗೆಣ್ಣಿನಿಂದ ಅದರ ಸರಳು ಬಡಿದ. ಟಕ್. ಟಕ್.
‘ಹೇಳಿಲ್ಲೇನು, ಎಡಗಾಲಿಗೆ ಸೀಳು ಬಿಟ್ಟೈತಿ.
ಈ ಗಾಡಿ ಗದಗ ಮುಟ್ಟೂದಿಲ್ಲ.’
ಬಗ್ಗಿ ನೋಡಿದೆ. ಮುಂದಿನ ಎಡಗಡೆಯದು,
ರಬ್ಬರು ಒಡೆದು ಬಾಯಿ ಬಿಟ್ಟಿತ್ತು.

ಕಾಲಲ್ಲ. ಗಾಲಿ.

‘ರೈಲ್ವೆದಾಗ ಗಾಲಿ ಬಡಿಯೂ ನೌಕರಿ ರೀ,’ ಅಂದಳು ಇಮಾಂಬಿ,
‘ಮೂವತ್ನಾಕು ವರ್ಷ. ಉದ್ದನ ಹಿಡಿಕಿ ಸುತ್ತಿಗಿ,
ಒಂದು ಕಂದೀಲು.’
ಅಜ್ಜ ನನ್ನ ಕಡೆ ಹೊರಳಿದ:
‘ಛಲೋ ಗಾಲಿ ಹಾಡತೈತಿ.
ಸೀಳಿದ್ದು ಅಳತೈತಿ ಅನಕೊಂಡೀ ಏನು?
ಅಳೂದಿಲ್ಲವಾ. ಮಂಕಾಗತೈತಿ.
ಹಸೀ ಅರಬಿ ಬಡದಂಗ.’

ನಾಚಿಕೆಯಾಯಿತು.
ಆ ರಾತ್ರಿ ಹನ್ನೊಂದು ಹೊಟ್ಟೆ ಒತ್ತಿದ್ದೆ,
ಒಂದನ್ನೂ ಬಡಿದು ಕೇಳಿರಲಿಲ್ಲ.

ಎಡಗೈಯ ನಡುಬೆರಳು ಊರಿ ಬಲಗೈಯಿಂದ ಬಡಿದೆ.
ಮೇಲೆಲ್ಲ ಡಬ್ ಡಬ್, ಖಾಲಿ ಎಣ್ಣೆಡಬ್ಬಿ.
ಹೊಕ್ಕುಳ ದಾಟಿ ಎಡಕ್ಕೆ, ಇನ್ನೂ ಕೆಳಕ್ಕೆ,
ಅಲ್ಲಿ ಅಂಗೈಯಗಲ
ಹಸೀ ಅರಬಿ.
ಇಬ್ಬರೂ ಒಟ್ಟಿಗೇ ಕೇಳಿದೆವು.
‘ಇನ್ನೊಮ್ಮೆ ಬಡಿ,’ ಅಂದ,
ಹೊಟ್ಟೆ ತನ್ನದಲ್ಲ, ಯಾವುದೋ ಗೂಡ್ಸಿನದು ಎಂಬಂತೆ.
ಸ್ಟೆತಾಸ್ಕೋಪು ಇಟ್ಟೆ. ಕರುಳಿನ ಗುಳುಗುಳು ಇಲ್ಲ.
ಅದೂ ನಾಲ್ಕು ದಿನದಿಂದ ಬೈದಿರಲಿಕ್ಕಿಲ್ಲ.

ಸ್ಕ್ಯಾನಿನಲ್ಲಿ ಕಂಡದ್ದು:
ಹಳೆಯ ದೊಡ್ಡ ಕರುಳು ತನ್ನ ಗೋಡೆಯ ತುಂಬ
ಸಣ್ಣ ಸಣ್ಣ ಕಿಸೆ ಹೊಲಿಸಿಕೊಂಡಿತ್ತು, ಖಾಕಿ ಅಂಗಿಯ ಹಾಗೆ.
ಒಂದು ಕಿಸೆಯ ಹೊಲಿಗೆ ಬಿಚ್ಚಿ
ಕೀವು ಹಿಂದಕ್ಕೆ ಇಳಿದು
ತೊಡೆಯೆತ್ತುವ ಸ್ನಾಯುವಿನ ಮೇಲೆ ಕೂತಿತ್ತು.
ಕಾಲು ಬರೀ ಚಾಡಿ ಹೇಳಿತ್ತು, ಪಾಪ,
ನಾವು ಚಾಡಿಕೋರನನ್ನೇ ಹಿಡಿದು ತಪಾಸಿಸಿದ್ದೆವು.

ನೋವಾಗಲೇ ಇಲ್ಲೇನು?
‘ಆಗಿರಬೇಕು. ಎಂಬತ್ತರ ಮ್ಯಾಲ
ಎಲ್ಲಾ ಕಡೆನೂ ಸೀಟಿ ಹೊಡಿತಾವ.
ಯಾವುದಕಂತ ಎದ್ದು ಓಡೂದು?’

ಬೆಳಗಿನ ಐದಕ್ಕೆ ಸರ್ಜನ್ ಬಂದು
ನೀಲಿ ಪೆನ್ನಿನಿಂದ ಹೊಟ್ಟೆಯ ಎಡಕ್ಕೆ ಗುರುತು ಹಾಕಿದರು.
ಅಜ್ಜ ತಲೆ ಎತ್ತಿ ನೋಡಿಕೊಂಡ.
‘ನಾವು ಖಡು ಹಚ್ಚತಿದ್ವಿ. ಖಡು ಬಿದ್ದ ಡಬ್ಬಿ
ಬಿಚ್ಚಿ ಬ್ಯಾರೆ ಲೈನಿಗೆ ತಳ್ಳತಿದ್ರು.’
ತಿರುಗಿ ಬರತಿದ್ದುವಾ ಅಜ್ಜಾ?
‘ಕೆಲವು.’

ಖಾನೆಯಲ್ಲಿ ನಾನು ಬರೆದಿದ್ದೆ: ನಾಲ್ಕು ದಿನದಿಂದ ಬೈದಿಲ್ಲ.
ದೊಡ್ಡ ಡಾಕ್ಟರು ಅದನ್ನು ಹೊಡೆದು ಹಾಕಿ
ಸರಿಯಾದ ಹೆಸರು ಬರೆದರು.

ಥಿಯೇಟರಿಗೆ ಒಯ್ದದ್ದು ಅದೇ ಸ್ಟ್ರೆಚರಿನಲ್ಲಿ.
ಉದ್ದ ಕಾರಿಡಾರು. ಎಡಗಾಲಿ
ಫರಸಿಯ ಪ್ರತಿ ಸಂದಿಯಲ್ಲೂ ತೊಡರಿ ತೊಡರಿ.
ಇಮಾಂಬಿ ಫ್ಲಾಸ್ಕು ಹಿಡಿದು ಹಿಂದೆ ಹಿಂದೆ.
ಅಜ್ಜ ಅತ್ತ ಹೊರಳಿ ಮಲಗಿದ್ದ,
ಕಿವಿ ಕೆಳಗೆ.